ಕಳಿಸಿದವರ ವಹಿ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಎಂಬತ್ತು ಕಿಲೋಮೀಟರಿನಷ್ಟು ಹೋದರೆ ಎಡಕ್ಕೆ ದೌಂಡ್, ಬಲಕ್ಕೆ ಬಾರಾಮತಿ ಎಂದು ದಾರಿ ಒಡೆಯುವ ಚೌಕವೊಂದು ಸಿಗುತ್ತದೆ. ಅದು ಕುರಕುಂಭ. ಈಗ ಅಲ್ಲಿ ಇಳಿದವರಿಗೆ ಊರು ಕಾಣುವ ಮೊದಲೇ ವಾಸನೆ ತಾಗುತ್ತದೆ. ರಾಸಾಯನಿಕದ್ದು, ಔಷಧಿಯದ್ದು; ಅದು ಎಂಐಡಿಸಿ ಎಂಬ ಸರ್ಕಾರಿ ಕೈಗಾರಿಕಾ ವಸಾಹತು ಬಂದ ಮೇಲಿನ ಕುರಕುಂಭ. 1977ರಲ್ಲಿ ನಾನು ಇಳಿದ ಕುರಕುಂಭಕ್ಕೆ ಕುರಿಯ ವಾಸನೆ ಇತ್ತು. ಫಿರಂಗಾಯಿ ದೇವಿಯ ಗುಡಿ, ಒಂದಿಷ್ಟು ಮಣ್ಣಿನ ಮಾಳಿಗೆಯ ಮನೆ, ಜೋಳ ಸಜ್ಜೆಯ ಹೊಲ, ಬೋಳು ಗುಡ್ಡ. ದೌಂಡ್ ಪಕ್ಕದಲ್ಲಿ ಭೀಮಾ ನದಿ ಹರಿಯುತ್ತದೆ. ಆ ಕಡೆ ನೀರು, ಕಬ್ಬು. ಈ ಕಡೆಗೆ ಮೋಡ ಬರುತ್ತದೆ, ನೋಡಿಕೊಂಡು ಹೋಗುತ್ತದೆ. 1972ರ ಬರ ಕಳೆದು ಐದು ವರ್ಷವಾಗಿದ್ದರೂ ಜನ ಎಲ್ಲದಕ್ಕೂ ಅಲ್ಲಿಂದಲೇ ಲೆಕ್ಕ ಹಿಡಿಯುತ್ತಿದ್ದರು. ಮಗನಿಗೆ ವಯಸ್ಸೆಷ್ಟು ಎಂದು ಕೇಳಿದರೆ, ದುಷ್ಕಾಳದಲ್ಲಿ ಮೊಲೆ ಕುಡಿಯುತ್ತಿದ್ದ ಎಂಬ ಉತ್ತರ.

ನಾನು ಅಂಕೋಲೆ ಪಕ್ಕದ ಕೇಣಿಯವನು. ಹುಬ್ಬಳ್ಳಿಯ ಕೆಎಂಸಿಯಲ್ಲಿ ಎಂಬಿಬಿಎಸ್ ಮುಗಿಸಿ, ಸೊಲ್ಲಾಪುರದ ಕನ್ನಡ ಮನೆಯ ಹುಡುಗಿಯನ್ನು ಮದುವೆಯಾಗಿ, ಮುಂದೇನು ಎಂದು ಕೂತಿದ್ದಾಗ ದಾರಿ ತೋರಿಸಿದವರು ಮಾವ. ಅವರು ರೈಲ್ವೆಯಲ್ಲಿ ಗಾರ್ಡು, ದೌಂಡ್ ಜಂಕ್ಷನ್ನಿನಲ್ಲಿ ಕ್ವಾರ್ಟರ್ಸು. ‘ಹೆದ್ದಾರಿ ಐತಿ, ಹತ್ತಿರ ಸ್ಟೇಶನ್ ಐತಿ, ಡಾಕ್ಟರ್ ಒಬ್ಬಂವ ಇಲ್ಲ. ಎರಡ ವರ್ಷ ಕೂತ ನೋಡ್ರಿ’ ಎಂದರು. ಎರಡು ವರ್ಷವಾದ ಮೇಲೆ ಅಂಕೋಲೆಗೆ ಹೋಗಿ ಬೋರ್ಡು ಹಾಕುವುದು ಎಂದು ನಾನೂ ಒಪ್ಪಿದೆ. ಬೋರ್ಡನ್ನು ಅಂಕೋಲೆಗೆ ತಂದದ್ದು 2021ರಲ್ಲಿ. ಈಗ ಅದು ಕೊಟ್ಟಿಗೆಯಲ್ಲಿ ಸೌದೆಯ ಮೇಲೆ ಮಳೆನೀರು ಬೀಳದಂತೆ ಮುಚ್ಚಲು ಬಳಕೆಯಾಗುತ್ತಿದೆ.

ಚೌಕದ ಹತ್ತಿರ, ಸೈಕಲ್ ರಿಪೇರಿ ಅಂಗಡಿಯ ಪಕ್ಕದ ಎರಡು ಕೋಣೆ ನಮ್ಮ ದವಾಖಾನೆ. ಮುಂದಿನ ಕೋಣೆಯಲ್ಲಿ ನಾನು, ಹಿಂದಿನದರಲ್ಲಿ ಸ್ಟೋವಿನ ಮೇಲೆ ಕುದಿಯುವ ಗಾಜಿನ ಸಿರಿಂಜುಗಳು, ಬಾಟಲಿಗಳಿಗೆ ಮಿಕ್ಸ್ಚರ್ ತುಂಬುವ ಹೆಂಡತಿ. ಬಾಟಲಿಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುವ ಕೆಲಸ ಅವಳದು, ಒಂದೊಂದು ಕಚ್ಚಿಗೆ ಒಂದು ಡೋಸು. ಜನ ನನ್ನನ್ನು ‘ಕಾನಡಿ ಡಾಕ್ಟರ್’ ಎಂದರು, ಅವಳನ್ನು ‘ಡಾಕ್ಟರೀಣ್ ಬಾಯಿ’ ಎಂದರು. ಫೀಸು ಎಂದು ಬಂದದ್ದರಲ್ಲಿ ಅರ್ಧ ಜೋಳ, ಉಳ್ಳಾಗಡ್ಡಿ, ಬೆಲ್ಲ. ಒಮ್ಮೆ ಆಡಿನ ಮರಿಯೂ ಬಂತು. ಮಕ್ಕಳು ಅದಕ್ಕೆ ಹೆಸರಿಟ್ಟುಬಿಟ್ಟ ಮೇಲೆ ಅದು ತಿನ್ನುವ ವಸ್ತುವಾಗಿ ಉಳಿಯಲಿಲ್ಲ, ಮುದಿಯಾಗಿ ಸತ್ತಿತು.

ಕಾಲೇಜಿನಲ್ಲಿ ನಮಗೆ ರೋಗ ಗುರುತಿಸುವುದು ಕಲಿಸಿದ್ದರು, ಚಿಕಿತ್ಸೆ ಕಲಿಸಿದ್ದರು. ಹಳ್ಳಿಯಲ್ಲಿ ಕೂತವನ ನಿಜವಾದ ಕೆಲಸ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಎದುರು ಕೂತವನನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸುವುದೇ ಆ ಕೆಲಸ. ಕಳಿಸುವುದು ಎಂದರೆ ಪುಣೆಯ ಸಸೂನ್ ಆಸ್ಪತ್ರೆಗೆ. ಅದಕ್ಕೆ ಗಾಡಿ ಬೇಕು. ಗಾಡಿ ಎಂದರೆ ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದ ಲಾರಿ, ಅದೃಷ್ಟ ಇದ್ದರೆ ಸಕ್ಕರೆ ಕಾರ್ಖಾನೆಯ ಜೀಪು. ಜೊತೆಗೆ ಹೋಗಲು ಒಬ್ಬ ಗಂಡಸು ಬೇಕು. ಅವನು ಹೋದರೆ ಎಮ್ಮೆ ಹಿಂಡುವವರು ಬೇಕು. ಪುಣೆ ದೂರವಾಯಿತು, ದೌಂಡಿನ ಆಸ್ಪತ್ರೆಗಾದರೂ ಒಯ್ಯೋಣ ಎಂದರೆ ಪೇಟೆಯ ಬಾಯಲ್ಲೇ ರೈಲು ಹಳಿಯ ಕೆಳಗೆ ‘ಕುರಕುಂಭ ಮೋರಿ’. ಜೋರು ಮಳೆ ಬಂದರೆ ಆ ಕಿಂಡಿಯಲ್ಲಿ ನೀರು ನಿಂತು ಇಡೀ ಊರಿನ ಓಡಾಟವೇ ಕಟ್ಟಿಹೋಗುತ್ತಿತ್ತು. ಇಷ್ಟೆಲ್ಲ ಲೆಕ್ಕ ಹಾಕುವ ಹೊತ್ತಿಗೆ ರೋಗಿಯೇ ಕೈ ಮುಗಿದು, ‘ಕಳಿಸಬೇಡಿ ಸಾಹೇಬ, ಏನಿದ್ದರೂ ಇಲ್ಲೇ ಮಾಡಿ’ ಎನ್ನುತ್ತಿದ್ದ. ಸಸೂನಿಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದು ಅವರ ಅನುಭವ. ತಡವಾಗಿ ಹೋದವರು ಬರುವುದಿಲ್ಲ ಎಂಬುದು ನನ್ನ ವಾದ. ಎರಡೂ ನಿಜವೇ.

ಚೇಳಿನ ವಿಷಯ ಹೇಳುತ್ತೇನೆ. ಬೇಸಿಗೆ ಬಂತೆಂದರೆ ಕಲ್ಲು ಎತ್ತುವಾಗ, ಸೌದೆ ಎಳೆಯುವಾಗ, ರಾತ್ರಿ ಚಪ್ಪಲಿಗೆ ಕಾಲು ತೂರಿಸುವಾಗ ಕೆಂಪು ಚೇಳು ಕಡಿಯುತ್ತಿತ್ತು. ಬರೀ ನೋವು ಎಂದು ಒದ್ದಾಡುವವರು ಬದುಕುತ್ತಿದ್ದರು. ನೋವೇ ಇಲ್ಲ ಎನ್ನುವ ಮಗು, ಮೈಯೆಲ್ಲ ಬೆವತು, ಕೈಕಾಲು ತಣ್ಣಗಾಗಿ, ಮತ್ತೆ ಮತ್ತೆ ವಾಂತಿ ಮಾಡುವ ಮಗು ಕೆಲವು ಗಂಟೆಗಳಲ್ಲಿ ಬಾಯಲ್ಲಿ ಗುಲಾಬಿ ನೊರೆ ಕಕ್ಕಿ ಹೋಗಿಬಿಡುತ್ತಿತ್ತು. ವಿಷ ನರಗಳನ್ನು ಕೆರಳಿಸುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಹೃದಯ ದಣಿದು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದು ಗೊತ್ತಿದ್ದೂ ನಮ್ಮ ಕೈಯಲ್ಲಿ ಹಿಡಿದು ಹೋರಾಡುವ ಔಷಧಿ ಇರಲಿಲ್ಲ. ಕಳಿಸಿದರೆ ದಾರಿಯಲ್ಲಿ ಸಾವು, ಇಟ್ಟುಕೊಂಡರೆ ನನ್ನ ಮೇಜಿನ ಮೇಲೆ. ಆ ಹೊತ್ತಿನಲ್ಲಿ ಸಹ್ಯಾದ್ರಿಯ ಆಚೆ, ಮಹಾಡ್ ಪಕ್ಕದ ಬಿರವಾಡಿಯಲ್ಲಿ ಹಿಮ್ಮತರಾವ್ ಬಾವಸ್ಕರ್ ಎಂಬ ನನ್ನಂಥದೇ ಹಳ್ಳಿ ಡಾಕ್ಟರು ರೋಗಿಯ ಪಕ್ಕದಲ್ಲೇ ಕೂತು ಎಲ್ಲ ಬರೆದಿಡುತ್ತಿದ್ದರು. 1982ರಲ್ಲಿ ಲಕ್ಷಣಗಳ ಬಗ್ಗೆ, 1986ರಲ್ಲಿ ಪ್ರಜೋಸಿನ್ ಗುಳಿಗೆಯ ಬಗ್ಗೆ ಅವರು ಬರೆದದ್ದನ್ನು ಲಂಡನ್ನಿನ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿತು. ರಕ್ತದೊತ್ತಡಕ್ಕೆ ಕೊಡುವ ಅಗ್ಗದ ಗುಳಿಗೆ ಅದು. ಬಿಗಿದ ರಕ್ತನಾಳವನ್ನು ಸಡಿಲಿಸುತ್ತದೆ, ಅಷ್ಟೇ. ಬಾಯಿಗೆ ಹಾಕಿ, ಹೊದೆಸಿ ಮಲಗಿಸಿ, ಪಕ್ಕದಲ್ಲಿ ಕೂತು ನಾಡಿ ನೋಡುತ್ತಿರಬೇಕು. ಮೊದಲ ಬಾರಿ ಒಬ್ಬ ಕುರಿಗಾಹಿ ಧನಗರರ ಹುಡುಗನ ತಣ್ಣಗಿನ ಪಾದ ನನ್ನ ಅಂಗೈಯಲ್ಲಿ ನಿಧಾನ ಬೆಚ್ಚಗಾದ ರಾತ್ರಿ, ಇದನ್ನು ಪುಣೆಯ ಪ್ರೊಫೆಸರರು ಯಾರೂ ಕಂಡುಹಿಡಿಯಲಿಲ್ಲವಲ್ಲ ಎಂದು ನನಗೆ ಒಂದು ಬಗೆಯ ಜಾತಿ ಅಭಿಮಾನ ಉಕ್ಕಿತು. 2022ರಲ್ಲಿ ಬಾವಸ್ಕರರಿಗೆ ಪದ್ಮಶ್ರೀ ಬಂದಾಗ ಕೇಣಿಯ ಮನೆಯಲ್ಲಿ ಪಾಯಸ ಮಾಡಿಸಿದೆ. ಅವರಿಗೆ ನನ್ನ ಗುರುತಿಲ್ಲ. ಪಾಯಸಕ್ಕೆ ಗುರುತು ಬೇಕಾಗಿಲ್ಲ.

ಹಾವಿನ ಮಾತು ಬೇರೆ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ, ಕಲ್ಲುಗುಡ್ಡದಲ್ಲಿ ಗರಗಸಮಂಡಲ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಟ್ಟುಹಾವು ಕಡಿದರೆ ಬೆಳಗಿನ ತನಕ ಗೊತ್ತೇ ಆಗುವುದಿಲ್ಲ, ರೆಪ್ಪೆ ಜೋಲುತ್ತವೆ. ಮುಂಬೈಯ ಹಾಫ್‌ಕಿನ್ ಸಂಸ್ಥೆಯ ವಿಷನಾಶಕದ ಪುಡಿ ನಮ್ಮಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದೇ ಬಾಟಲಿ ಇರುವಾಗ ಅದನ್ನು ಯಾರಿಗೆ ಮುರಿಯುವುದು? ಅದಕ್ಕೆ ನಾವು ನೆಚ್ಚಿದ್ದು ಒಂದು ಗಾಜಿನ ಟ್ಯೂಬನ್ನು. ಎರಡು ಎಂಎಲ್ ರಕ್ತ ತೆಗೆದು ಅದರಲ್ಲಿ ಹಾಕಿ, 20 ನಿಮಿಷ ಮುಟ್ಟದೆ ಇಟ್ಟು ಬಾಗಿಸಿ ನೋಡುವುದು. ಹೆಪ್ಪುಗಟ್ಟಿದ್ದರೆ ಸದ್ಯ ಸುಮ್ಮನಿರಬಹುದು, ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ. ಆ 20 ನಿಮಿಷ ಮನೆಯವರೆಲ್ಲ ಟ್ಯೂಬಿನ ಸುತ್ತ ನಿಂತಿರುತ್ತಿದ್ದರು. ನಾನು ಮಾತ್ರ ಕೈಗಡಿಯಾರ ನೋಡುತ್ತ ಗಾಡಿಯ ಚಾಲಕನಿಗೆ ಇಂಜಿನ್ ಆರಿಸಬೇಡ ಎನ್ನುತ್ತಿದ್ದೆ. ಇನ್ನು ಕೀಟನಾಶಕ ಕುಡಿದು ಬರುವವರು. ಸೂಜಿಮೊನೆಯಾದ ಕಣ್ಣಪಾಪೆ, ಬೆಳ್ಳುಳ್ಳಿಯಂಥ ನಾತ, ಉಕ್ಕುವ ಜೊಲ್ಲು. ಅವರಿಗೆ ಅಟ್ರೋಪಿನ್ ಏರಿಸುತ್ತ ಏರಿಸುತ್ತ ಬೆಳಗಾಗುತ್ತಿತ್ತು. ಸೊಸೆಯಂದಿರೇ ಹೆಚ್ಚು. ಎಚ್ಚರವಾದಾಗ ಯಾಕೆ ಎಂದು ನಾನು ಕೇಳುತ್ತಿರಲಿಲ್ಲ. ಹಿಂದಿನ ಕೋಣೆಗೆ ಕರೆದು ಚಹಾ ಕೊಟ್ಟು ಹೆಂಡತಿ ಕೇಳುತ್ತಿದ್ದಳು.

ಅವಳು ಔಷಧಿ ಓದಿದವಳಲ್ಲ. ಆದರೆ ಕಳಿಸುವ ಕೆಲಸದಲ್ಲಿ ನನಗಿಂತ ಚುರುಕು. ನಾನು ಚೀಟಿ ಬರೆಯುವಷ್ಟರಲ್ಲಿ ಅವಳು ಯಾರು ಜೊತೆಗೆ ಹೋಗುತ್ತಾರೆ, ರೊಕ್ಕ ಎಷ್ಟಿದೆ, ಪುಣೆಯಲ್ಲಿ ಮಲಗಲು ಯಾರ ಮನೆ ಎಂದೆಲ್ಲ ಕೇಳಿ ಮುಗಿಸಿರುತ್ತಿದ್ದಳು. ದಿನದ ಗಳಿಕೆಯಲ್ಲಿ ಒಂದು ಪಾಲನ್ನು ಬೋರ್ನ್‌ವಿಟಾ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು, ಗಾಡಿಯ ರೊಕ್ಕ ಎಂದು. ‘ನೀವು ಕಳಸ್ತೀನಿ ಅಂತೀರಿ. ಅವರು ಹೂಂ ಅಂತಾರ. ಚೌಕಕ್ಕ ಹೋಗಿ ಊರ ಕಡೆ ಬಸ್ ಹತ್ತತಾರ. ಯಾಕಂದ್ರ ಕಿಸೆದಾಗ ಏನೂ ಇಲ್ಲ’ ಎಂದು ಅವಳು ಹೇಳುವ ತನಕ ನಾನು ಬರೆದ ಚೀಟಿಗಳೆಲ್ಲ ಪುಣೆ ಮುಟ್ಟುತ್ತವೆ ಎಂದೇ ನಂಬಿದ್ದೆ. ಕಳಿಸಿದವರ ಹೆಸರು ಬರೆದಿಡುವ ವಹಿಯೂ ಅವಳದೇ. ಅಂಗಡಿ ಲೆಕ್ಕದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಹೆಸರು, ಊರು, ನನ್ನ ಅನುಮಾನ, ಎಲ್ಲಿಗೆ. ಕೊನೆಯ ಕಲಮಿನಲ್ಲಿ ‘ಬಂದರು’ ಎಂದು ಬರೆದು ಖಾಲಿ ಬಿಟ್ಟಿದ್ದಳು. ಅದನ್ನು ತುಂಬಲು ನನಗೆ ಆಗುತ್ತಿರಲಿಲ್ಲ. ಸಸೂನಿನಿಂದ ತಿರುಗಿ ಉತ್ತರ ಬರೆಯುವ ಪದ್ಧತಿ ಇರಲಿಲ್ಲ. ಅವಳು ದೌಂಡಿನ ಸಂತೆಯಲ್ಲಿ, ನವರಾತ್ರಿಗೆ ಫಿರಂಗಾಯಿಯ ಗುಡಿಯಲ್ಲಿ ಆ ಊರಿನ ಹೆಂಗಸರನ್ನು ಹಿಡಿದು ಕೇಳಿ ಬಂದು ತುಂಬುತ್ತಿದ್ದಳು. ತಿಂಗಳುಗಳ ಮೇಲೆ ಒಂದು ಹೆಸರಿನ ಎದುರು ‘ಬಂದರು, ಬಾಣಂತಿ, ಗಂಡುಮಗು’ ಎಂದು ಕಾಣುತ್ತಿತ್ತು. ಎಷ್ಟೋ ಸಾಲು ಖಾಲಿಯೇ ಉಳಿದವು.

ಕಬ್ಬು ಕಡಿಯುವವರ ಸಾಲುಗಳು ಎಲ್ಲಕ್ಕಿಂತ ಹೆಚ್ಚು ಖಾಲಿ. ದೀಪಾವಳಿ ಹೊತ್ತಿಗೆ ಬೀಡ್ ಕಡೆಯಿಂದ ಎತ್ತಿನ ಗಾಡಿ, ಲಾರಿಗಳಲ್ಲಿ ಅವರು ಇಳಿಯುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕಕ್ಕೆ ಒಂದು ‘ಕೊಯ್ತಾ’, ಒಂದು ಕುಡುಗೋಲು. ಮುಂಗಡ ಮೊದಲೇ ತಿಂದಾಗಿರುತ್ತದೆ, ದುಡಿದು ತೀರಿಸಬೇಕು. ಒಬ್ಬರು ಮಲಗಿದರೆ ಇಬ್ಬರ ಕೂಲಿಯೂ ನಿಲ್ಲುತ್ತದೆ, ಮೇಲೆ ದಂಡ. ಇಂಥವರಿಗೆ ನಾನು ‘ಪುಣೆಗೆ ಹೋಗಿ’ ಎಂದು ಹೇಗೆ ಹೇಳಲಿ? ಸೋಗೆಯ ಗುಡಿಸಲಿನಲ್ಲಿ ಲಾಟೀನಿನ ಬೆಳಕಲ್ಲಿ ಹೆರಿಗೆ ಮಾಡಿಸಿದ್ದೇನೆ. ನಾಲ್ಕನೆಯ ದಿನಕ್ಕೆ ಅದೇ ಬಾಣಂತಿ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಲಾರಿಗೆ ಇಟ್ಟ ಹಲಗೆ ಹತ್ತುತ್ತಿದ್ದಳು. ಆಮೇಲಿನ ವರ್ಷಗಳಲ್ಲಿ ಮೂವತ್ತರ ಹೆಂಗಸರ ಹೊಟ್ಟೆಯ ಮೇಲೆ ಗಾಯದ ಗುರುತು ಕಾಣತೊಡಗಿತು. ಗರ್ಭಕೋಶ ತೆಗೆಸಿದ್ದಾರೆ. ಬಿಳಿಸೆರಗಿಗೆ, ಹೊಟ್ಟೆನೋವಿಗೆ, ಮುಟ್ಟಿನ ನಾಲ್ಕು ದಿನದ ಕೂಲಿ ತಪ್ಪಬಾರದೆಂದು. 2019ರಲ್ಲಿ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯಲ್ಲಿ ಸುಮಾರು 82,000 ಹೆಂಗಸರ ಸಮೀಕ್ಷೆ ಮಾಡಿದಾಗ 13,000ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಪತ್ರಿಕೆಗಳಿಗೆ ಅದು ಸುದ್ದಿ. ನನ್ನ ಹೆಂಡತಿ ಪತ್ರಿಕೆ ಮಡಚಿಟ್ಟು, ‘ಇವರನ್ನ ಮಾತ್ರ ಕಳಸಾಕ ಯಾರಿಗೂ ರೊಕ್ಕದ ತ್ರಾಸ ಆಗ್ಲಿಲ್ಲ ನೋಡ್ರಿ’ ಎಂದಳು.

ಎಲ್ಲವೂ ಇಷ್ಟು ಕಹಿಯಲ್ಲ. ಆಷಾಢ ಏಕಾದಶಿಗೆ ಪಂಢರಪುರ ಸೇರಲು ದೇಹುವಿನಿಂದ ಹೊರಟ ತುಕಾರಾಮರ ಪಲ್ಲಕ್ಕಿ ಯವತ್, ವರವಂಡ, ಪಾಟಸ ದಾಟಿ ರೋಟಿ ಘಾಟ್ ಹತ್ತಿ ಬಾರಾಮತಿಯ ಕಡೆ ಹೋಗುತ್ತದೆ. ಸುತ್ತಲಿನ ಡಾಕ್ಟರುಗಳೆಲ್ಲ ರಸ್ತೆ ಬದಿ ಚಪ್ಪರ ಹಾಕಿ ಕೂರುತ್ತಿದ್ದೆವು. ಬೊಬ್ಬೆಯೆದ್ದ ಪಾದ, ಭೇದಿ, ಬೆನ್ನುನೋವು. ಇಟ್ಟುಕೊಳ್ಳುವ ಕಳಿಸುವ ಪ್ರಶ್ನೆಯೇ ಇಲ್ಲದ ರೋಗಿಗಳೆಂದರೆ ವಾರಕರಿಗಳು. ಪಟ್ಟಿ ಕಟ್ಟುವಷ್ಟರಲ್ಲೇ ಎದ್ದು ನಡೆಯುತ್ತಾರೆ. ಕನ್ನಡದವನು ಎಂದು ಗೊತ್ತಾದರೆ, ವಿಠೋಬನೂ ನಿಮ್ಮ ಕಡೆಯವನೇ ಎಂದು ನನ್ನ ಕಾಲನ್ನೇ ಮುಟ್ಟಲು ಬರುತ್ತಿದ್ದರು. ಒಂದು ಮಳೆಗಾಲ ಜಾಮಖೇಡಕ್ಕೂ ಹೋಗಿ ನೋಡಿ ಬಂದೆ. ಅಲ್ಲಿ 1970ರಲ್ಲಿ ಕೆಲಸ ಶುರು ಮಾಡಿದ್ದ ಡಾಕ್ಟರ್ ಆರೋಳೆ ದಂಪತಿ ಓದುಬರಹ ಬಾರದ ಹಳ್ಳಿ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿದ್ದರು. ಬಾಣಂತಿಯ ಊತ, ಮಗುವಿನ ಭೇದಿ ಹಳ್ಳಿಯಲ್ಲೇ ಗುರುತಾಗಿ, ಕಳಿಸುವ ಪ್ರಮೇಯವೇ ಅರ್ಧಕ್ಕರ್ಧ ತಪ್ಪಿತ್ತು. ಹಿಂದಿರುಗಿ ನಾನೂ ಇಬ್ಬರು ಸೂಲಗಿತ್ತಿಯರಿಗೆ ಬ್ಲೇಡು ಕುದಿಸುವುದು, ನೀರಿಗೆ ಉಪ್ಪು ಸಕ್ಕರೆ ಕಲಸುವುದು ಹೇಳಿಕೊಟ್ಟೆ. ಜಾಮಖೇಡದಷ್ಟು ದೊಡ್ಡದು ಏನೂ ಆಗಲಿಲ್ಲ. ದುಡ್ಡಿಗೆ ಕೂತ ಖಾಸಗಿ ಡಾಕ್ಟರ್ ನಾನು, ಅದನ್ನು ಮರೆಮಾಚಿ ಬರೆಯಬಾರದು.

ಮನೆಯೊಳಗೆ ಮೂರು ಭಾಷೆ. ನನ್ನದು ಅಂಕೋಲೆಯ ಕನ್ನಡ, ಅವಳದು ಸೊಲ್ಲಾಪುರದ್ದು, ಮಕ್ಕಳಿಬ್ಬರದು ಮರಾಠಿ. ಊಟದಲ್ಲಿ ಮಾತ್ರ ಅವಳೇ ಗೆದ್ದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ. ನನಗೆ ಮೀನು ಬೇಕೆಂದು ಭಿಗವಣದಿಂದ ಉಜನಿ ಜಲಾಶಯದ ಮೀನು ತರಿಸುತ್ತಿದ್ದಳು. ಚಳಿಗಾಲದಲ್ಲಿ ಆ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ, ಪುಣೆಯವರು ಕ್ಯಾಮರಾ ಹಿಡಿದು ಓಡುತ್ತಾರೆ. ಹಕ್ಕಿ ಚೆಂದವೇ, ಮೀನಿಗೆ ಮಾತ್ರ ಉಪ್ಪಿನ ಸಂಬಂಧವಿಲ್ಲ. ಮಗಳು, ಮಗ ಇಬ್ಬರನ್ನೂ ಏಳನೆಯ ತರಗತಿಗೆ ಪುಣೆಯ ಹಾಸ್ಟೆಲಿಗೆ ಕಳಿಸಿದೆವು. ಮಗಳು ಈಗ ಪುಣೆಯಲ್ಲಿ ಅರಿವಳಿಕೆ ತಜ್ಞೆ. ಹಳ್ಳಿಗೆ ಬರುವುದಿಲ್ಲ ಎಂದು ಇಪ್ಪತ್ತೈದನೆಯ ವಯಸ್ಸಿನಲ್ಲೇ ಸ್ಪಷ್ಟವಾಗಿ ಹೇಳಿದಳು. ನಿದ್ದೆಗೆಟ್ಟ ಅಪ್ಪನನ್ನು ನೋಡಿ ಬೆಳೆದವಳು, ನನಗೆ ಬೇಸರವಿಲ್ಲ. ಮಗ ಕೆಮಿಕಲ್ ಇಂಜಿನಿಯರ್, ಗುಜರಾತಿನ ಅಂಕಲೇಶ್ವರದಲ್ಲಿ. ಬಾಲ್ಯದ ವಾಸನೆ ಅವನನ್ನು ಬಿಡಲಿಲ್ಲ ಎಂದು ಅವನಮ್ಮ ನಗುತ್ತಾಳೆ.

ಕೇಣಿಯಲ್ಲಿದ್ದ ನನ್ನ ತಾಯಿ 1986ರ ಶ್ರಾವಣದಲ್ಲಿ ತೀರಿಕೊಂಡಳು. ಟೆಲಿಗ್ರಾಂ ದೌಂಡಿಗೆ ಬಂದು, ಅಲ್ಲಿಂದ ಕುರಕುಂಭಕ್ಕೆ ಬಂದು, ನಾನು ಪುಣೆಗೆ ಹೋಗಿ, ಮೀರಜಿನಲ್ಲಿ ಗಾಡಿ ಬದಲಿಸಿ, ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ ಅರಬೈಲು ಘಾಟಿ ಇಳಿದು ಮುಟ್ಟುವಾಗ ಎಲ್ಲ ಮುಗಿದಿತ್ತು. ಹೊಟ್ಟೆನೋವು ಎಂದಳಂತೆ, ಕುಮಟೆಗೋ ಕಾರವಾರಕ್ಕೋ ಒಯ್ಯೋಣವೇ ಎಂದು ಅಣ್ಣ ಕೇಳಿದ್ದಕ್ಕೆ, ಮಗ ಡಾಕ್ಟರು ಇದ್ದಾನಲ್ಲ, ಅವನು ಬರಲಿ ಎಂದಳಂತೆ.

1990ರ ದಶಕದಲ್ಲಿ ಎಂಐಡಿಸಿ ಬಂತು. ಭೂಮಿ ಕೊಟ್ಟವರ ಮನೆಗೆ ಮೊದಲು ಮೋಟರ್‌ಸೈಕಲ್ಲು ಬಂದವು, ಆಮೇಲೆ ಕಾಂಕ್ರೀಟು ಮನೆ. ನನ್ನ ಮೇಜಿನ ಎದುರು ಕೂರುವವರ ರೋಗವೂ ಬದಲಾಯಿತು. ಆಮ್ಲ ಚಿಮ್ಮಿದ ಕಣ್ಣು, ದ್ರಾವಕದ ಹಬೆ ಕುಡಿದು ತಲೆಸುತ್ತಿ ಬಿದ್ದವರು, ಕೈಯ ಚರ್ಮ ಸುಲಿದವರು. ಗುತ್ತಿಗೆಯ ಕೂಲಿಗಳು ಬಿಹಾರದವರು, ಉತ್ತರ ಪ್ರದೇಶದವರು, ನಮ್ಮ ಕಲಬುರ್ಗಿ ಯಾದಗಿರಿಯವರು. ಯಾವ ದ್ರವ ಮೈಮೇಲೆ ಬಿತ್ತು ಎಂದರೆ ಅವರಿಗೆ ಗೊತ್ತಿಲ್ಲ, ಡ್ರಮ್ಮಿನ ಬಣ್ಣ ಹೇಳುತ್ತಿದ್ದರು. ನೀಲಿ ಡ್ರಮ್ಮು ಸಾಹೇಬ, ಎನ್ನುತ್ತಿದ್ದರು. ನೀಲಿ ಡ್ರಮ್ಮಿಗೆ ಯಾವ ಔಷಧಿ? ನೀರು ಹೊಯ್ಯುವುದು, ಇನ್ನೂ ಹೊಯ್ಯುವುದು, ಪುಣೆಗೆ ಕಳಿಸುವುದು. ಇಷ್ಟೊಂದು ಕಾರ್ಖಾನೆ ಬಂದರೂ ಸುಟ್ಟ ಗಾಯಕ್ಕೆ ಹೋಗಬೇಕಾದ ಜಾಗ ಮಾತ್ರ ಅದೇ ಎಂಬತ್ತು ಕಿಲೋಮೀಟರ್ ಆಚೆ ಉಳಿಯಿತು. ಮಹಾರಾಷ್ಟ್ರದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2014ರಲ್ಲಿ. ಆಮೇಲೆ ಬೋರ್ನ್‌ವಿಟಾ ಡಬ್ಬಿಗೆ ನಿವೃತ್ತಿ.

2019ರ ಆಗಸ್ಟಿನ ಒಂದು ರಾತ್ರಿ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ಸ್ಫೋಟದ ಸದ್ದಿಗೆ ಊರಿಗೆ ಊರೇ ಎದ್ದು ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಓಡಿತು. ದವಾಖಾನೆಯಲ್ಲಿ ಸಲೈನ್ ಹಾಕಿ ಮಲಗಿಸಿದ್ದ ಅಜ್ಜನನ್ನು ಬಾಟಲಿ ಸಮೇತ ಪಕ್ಕದ ಅಂಗಡಿಯವನ ಟೆಂಪೋಗೆ ಏರಿಸಿ ನಾವೂ ಹೊರಟೆವು. ಅಜ್ಜ ದಾರಿಯುದ್ದಕ್ಕೂ, ನನ್ನನ್ನು ಪುಣೆಗೆ ಕಳಿಸುತ್ತಿದ್ದೀರಿ, ಬೆಂಕಿ ಅಂತ ಸುಳ್ಳು ಹೇಳುತ್ತಿದ್ದೀರಿ ಎಂದು ಜಗಳವಾಡುತ್ತಿದ್ದ.

ಮರುವರ್ಷ ಕರೋನಾ. ರೈಲು ಬಸ್ಸು ನಿಂತು, ಹೆದ್ದಾರಿಯಲ್ಲಿ ಜನ ನಡೆಯತೊಡಗಿದರು. ಪುಣೆಯಲ್ಲಿ ಕಟ್ಟಡ ಕಟ್ಟುತ್ತಿದ್ದವರು, ಮುಂಬೈಯಿಂದ ಹೊರಟವರು, ಸೊಲ್ಲಾಪುರದ ಕಡೆ, ಕಲಬುರ್ಗಿಯ ಕಡೆ. ಎಪ್ಪತ್ತು ದಾಟಿದವ ಹೊರಗೆ ಬರಬೇಡ ಎಂದು ಮಕ್ಕಳು ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದರು. ಬಾಗಿಲು ಹಾಕಿ ಎಷ್ಟು ದಿನ ಕೂರುವುದು? ಮಾಸ್ಕ್ ಕಟ್ಟಿಕೊಂಡು ಚೌಕದಲ್ಲಿ ಮೇಜು ಹಾಕಿದೆ. ‘ಎಲ್ಲಿಗೆ ಹೊಂಟೀರಿ?’ ಎಂದು ಕನ್ನಡದಲ್ಲಿ ಕೇಳಿದ್ದೇ ಒಬ್ಬ ಹೆಂಗಸು ತಲೆಯ ಮೇಲಿನ ಗಂಟು ಇಳಿಸಿ ರಸ್ತೆಯ ಮೇಲೇ ಕೂತುಬಿಟ್ಟಳು. ಅಫಜಲಪುರದ ಕಡೆಯವಳು. ಕಾಲಿನ ಬೊಬ್ಬೆ ವಾರಕರಿಗಳ ಬೊಬ್ಬೆಯಂತೆಯೇ ಇತ್ತು, ಮುಖ ಮಾತ್ರ ಹಾಗಿರಲಿಲ್ಲ. ಜೊತೆಗಿದ್ದ ತುಂಬಿದ ಬಸುರಿಗೆ ಪಾದ ಊದಿತ್ತು, ಬಿಪಿ ಏರಿತ್ತು. ದೌಂಡಿಗೆ ಕಳಿಸುತ್ತೇನೆ, ಆಂಬುಲೆನ್ಸ್ ಬರುತ್ತದೆ ಎಂದೆ. ಆಸ್ಪತ್ರೆಗೆ ಹೋದರೆ ಹದಿನಾಲ್ಕು ದಿನ ಕೂಡಿ ಹಾಕುತ್ತಾರೆ ಎಂದು ಗಂಡ ಹೆದರಿದ್ದ. ‘ನಮ್ಮ ಕಡೇವ್ರು ಅದೀರಿ, ನೀವರೆ ನಮ್ಮನ್ನ ಹಿಡಿದು ಕೊಡಬ್ಯಾಡ್ರಿ ಸರ್’ ಎಂದ. ಹೆಂಡತಿ ಬಂದು ಬಸುರಿಯ ಪಕ್ಕ ಕೂತಳು, ಮೊದಲು ರೊಟ್ಟಿ ತಿನ್ನಿಸಿದಳು, ಆಮೇಲೆ ಮಾತು. ಆಂಬುಲೆನ್ಸ್ ಹತ್ತಿಸಿಯೇ ಎದ್ದಳು. ವಹಿಯಲ್ಲಿ ಅದು ಕೊನೆಯ ಪುಟಗಳ ಒಂದು ಸಾಲು. ‘ಬಂದರು’ ಕಲಮಿನಲ್ಲಿ ಅವಳ ಕೈಬರಹ: ‘ಫೋನ್ ಮಾಡಿದ್ದರು. ಹೆಣ್ಣು. ಇಬ್ಬರೂ ಆರಾಮ.’

ಕೇಣಿಗೆ ಬಂದ ಮೇಲೆ ನನಗೆ ಕೆಲಸವಿಲ್ಲ. ಬೆಳಿಗ್ಗೆ ದಂಡೆಯಲ್ಲಿ ನಡೆಯುತ್ತೇನೆ, ರಂಪಣಿ ಎಳೆಯುತ್ತಿದ್ದರೆ ನಿಂತು ನೋಡುತ್ತೇನೆ. ನೆರೆಯವರು ಬಿಪಿ ನೋಡಿಸಿಕೊಳ್ಳಲು ಬರುತ್ತಾರೆ. ಪಾರ್ಶ್ವವಾಯು ಬಡಿದವರಂತೂ ನಮ್ಮ ಓಣಿಯ ಮುಂದೆಯೇ ಕಾರಿನಲ್ಲಿ ಹೋಗಿ ಬೆಳಂಬಾರದ ಹಾಲಕ್ಕಿ ಗೌಡರ ನಾಟಿ ಔಷಧಿಗೆ ಸರದಿ ನಿಲ್ಲುತ್ತಾರೆ. ದೂರದೂರದ ಜಿಲ್ಲೆಗಳ ನಂಬರ್ ಪ್ಲೇಟುಗಳು. ಮೊದಮೊದಲು ಮುಖ ಸಿಂಡರಿಸುತ್ತಿದ್ದೆ. ಈಗ ದಾರಿ ಕೇಳಿದವರಿಗೆ ದಾರಿ ಹೇಳುತ್ತೇನೆ, ಬಿಪಿಯ ಗುಳಿಗೆ ನಿಲ್ಲಿಸಬೇಡಿ ಎಂದು ಸೇರಿಸುತ್ತೇನೆ. ಹೆಂಡತಿಗೆ ಸಮುದ್ರ ಒಗ್ಗಿಲ್ಲ. ಉಪ್ಪುಗಾಳಿಗೆ ಕಡಕ್ ರೊಟ್ಟಿ ಮೆತ್ತಗಾಗುತ್ತದೆ ಎಂಬುದು ಅವಳ ದೊಡ್ಡ ದೂರು. ನಲವತ್ತು ವರ್ಷ ನಾನು ಸಿಹಿನೀರಿನ ಮೀನು ತಿಂದದ್ದಕ್ಕೆ ಇದು ಸಮವಾಯಿತು ಎಂದರೆ ನಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಒಂದು ದಿನ ಪತ್ರಿಕೆಯಲ್ಲಿ ಕುರಕುಂಭದ ಹೆಸರು ಕಂಡು ಇಬ್ಬರೂ ಹಾರಿಬಿದ್ದೆವು. ಪುಣೆ ಪೊಲೀಸರು ಅಲ್ಲಿಯ ಕಾರ್ಖಾನೆಯೊಂದರಿಂದ ನೂರಾರು ಕಿಲೋ ಮೆಫೆಡ್ರೋನ್ ಎಂಬ ಮಾದಕವಸ್ತು ಹಿಡಿದಿದ್ದರು. ಇದು ಯಾವ ಬಣ್ಣದ ಡ್ರಮ್ಮಿನಲ್ಲಿ ಇತ್ತೋ ಎಂದಳು ಅವಳು.

ಅದಕ್ಕೂ ಮೊದಲಿನ ಮಳೆಗಾಲದಲ್ಲಿ ಒಂದು ನಡುರಾತ್ರಿ ಅವಳಿಗೆ ಎದೆಯಲ್ಲಿ ಒತ್ತಿದಂತಾಯಿತು. ಬೆವರು, ಎಡಗೈ ಜೋಮು. ನಾನು ಮಾಡಬಹುದಾದದ್ದು ಆಸ್ಪಿರಿನ್ ಅಗಿಯಲು ಕೊಟ್ಟು 108ಕ್ಕೆ ಫೋನ್ ಮಾಡುವುದು. ಅಂಕೋಲೆಯ ಆಸ್ಪತ್ರೆಯಲ್ಲಿ ಹುಡುಗ ಡಾಕ್ಟರು ಇಸಿಜಿ ತೆಗೆದ, ಪಟ್ಟಿ ನನ್ನ ಕೈಗೆ ಕೊಟ್ಟ. ಇಬ್ಬರಿಗೂ ಗೊತ್ತಾಯಿತು. ‘ಕಳಿಸಬೇಕಾಗ್ತದೆ ಸರ್’ ಎಂದ, ಕ್ಷಮೆ ಕೇಳುವವನಂತೆ. ಎಲ್ಲಿಗೆ? ಘಾಟಿ ಹತ್ತಿ ಹುಬ್ಬಳ್ಳಿಗೋ, ಗಡಿ ದಾಟಿ ಗೋವೆಗೋ, ಕರಾವಳಿ ಹಿಡಿದು ಮಣಿಪಾಲಕ್ಕೋ. ಯಾವುದೂ ಹತ್ತಿರವಲ್ಲ, ಮಣಿಪಾಲ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರೆಲ್ಲ ಕೂಗಿದ್ದರು. ಆ ರಸ್ತೆಯಲ್ಲೇ ನಾವು ಹೋದದ್ದು. ಹುಡುಗ ಡಾಕ್ಟರು ಚೀಟಿ ಬರೆದ. ಅಕ್ಷರ ಚೆನ್ನಾಗಿತ್ತು, ಕೊಟ್ಟ ಔಷಧಿ, ಕೊಟ್ಟ ಹೊತ್ತು, ಎಲ್ಲ ಇತ್ತು. ಶರಾವತಿ ಸೇತುವೆಯ ಮೇಲೆ ಅವಳು ಆಕ್ಸಿಜನ್ ಮಾಸ್ಕ್ ಸರಿಸಿ ಏನೋ ಹೇಳಿದಳು. ಬಗ್ಗಿ ಕೇಳಿದೆ. ‘ನನ್ನ ಹೆಸರೂ ವಹಿಯಾಗ ಬರೀರಿ’ ಎನ್ನುತ್ತಿದ್ದಳು. ಮಣಿಪಾಲದಲ್ಲಿ ಸ್ಟೆಂಟ್ ಹಾಕಿದರು. ವಾರದ ಮೇಲೆ ಮನೆಗೆ ಬಂದವಳೇ ವಹಿ ತೆಗೆಸಿ ಕೊನೆಯ ಕಲಮನ್ನು ತಾನೇ ತುಂಬಿದಳು. ‘ಬಂದರು. ಊಟ ಸಪ್ಪೆ.’

ಈಗ ಕೇಣಿಯಲ್ಲಿ ದಿನವೂ ಬಂದರಿನ ಮಾತು. 2023ರ ಕೊನೆಗೆ ಇಲ್ಲಿ 4,000 ಕೋಟಿಗೂ ಮೀರಿದ ವಾಣಿಜ್ಯ ಬಂದರು ಕಟ್ಟಲು ಸರ್ಕಾರ ಖಾಸಗಿ ಕಂಪನಿಗೆ ಒಪ್ಪಿಗೆ ಕೊಟ್ಟಿತು. 2025ರಲ್ಲಿ ಸಮುದ್ರದಲ್ಲಿ ಸಮೀಕ್ಷೆ ಶುರುವಾದಾಗ ಮೀನುಗಾರರು ದಂಡೆಗಿಳಿದರು, ನಿಷೇಧಾಜ್ಞೆ ಬಂತು, ಪೊಲೀಸರು ಬಂದರು. ನಾನು ಕಾರ್ಖಾನೆಯ ಊರಿನಲ್ಲಿ ಇದ್ದು ಬಂದವನೆಂದು ನಮ್ಮ ಜಗುಲಿಯಲ್ಲಿ ಕೂತು ಕೇಳುವವರು ಬಹಳ. ಕುರಕುಂಭದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೋಟರ್‌ಸೈಕಲ್ಲಿನದೂ ಹೇಳುತ್ತೇನೆ, ನೀಲಿ ಡ್ರಮ್ಮಿನದೂ ಹೇಳುತ್ತೇನೆ. ಮೊನ್ನೆ ಬಂಗಡೆ ಬುಟ್ಟಿ ಇಳಿಸಿದ ಹರಿಕಂತ್ರರ ಹೆಂಗಸಿಗೆ, ಅವಳ ಗಂಡ ಹೋರಾಟದಲ್ಲಿ ಮುಂದಿರುವವನು, ನನ್ನ ಅನುಭವದ ಸಾರ ಎಂಬಂತೆ ಹೇಳಿದೆ: ‘ಬೇರೆ ಏನು ಕೇಳ್ತೀರೋ ಬಿಡ್ತೀರೋ, ಮೊದಲು ಆಸ್ಪತ್ರೆ ಕೇಳಿ. ಇಲ್ಲೇ, ಹತ್ತಿರದಲ್ಲಿ.’

ಅವಳು ಬುಟ್ಟಿಯ ಮೇಲಿನ ಎಲೆ ತೆಗೆಯುತ್ತಿದ್ದ ಕೈ ನಿಲ್ಲಿಸಿದಳು.

‘ಕೇಳೂಕೆ ಕೇಳ್ಬಹುದು ಡಾಕ್ಟ್ರೇ. ಅವ್ರು ಕೊಡ್ತೇವೆ ಅಂದ್ಬಿಟ್ರೆ? ಆಮೇಲೆ ಬಂದರು ಬೇಡ ಹೇಳೂಕೆ ನಮಗೆ ಬಾಯಿ ಎಲ್ಲಿರ್ತದೆ?’ ಎಂದಳು. ಒಳಗಿನಿಂದ ಹೆಂಡತಿ, ‘ಆಕಿ ಹೇಳೂದು ಖರೆ ಐತ್ರಿ’ ಎನ್ನುತ್ತ ಪಾತ್ರೆ ತಂದಳು, ಬಂಗಡೆಯ ಚೌಕಾಸಿ ಶುರು ಮಾಡಿದಳು.